ತಡವಾಗಿ ಹಸಿರಾಗುವ ಮೂಲೆ

ಮೇಜಿನ ಮೇಲೆ ಗದ್ದೆ ಉಸಿರಾಡತೊಡಗಿತು. ಮಳೆಗಾಲಕ್ಕೆ ಹಸಿರು, ಕೊಯ್ಲಿಗೆ ಹೊಂಬಣ್ಣ, ಬೇಸಿಗೆಗೆ ಉಪ್ಪುನೀರಿನ ಬೂದಿಬಣ್ಣ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ವರ್ಷ ಸರಿದುಹೋಗುತ್ತಿತ್ತು.

ಡಾ. ಫರ್ಹಾನಾ ಕಟ್ಟಿದ ಯಂತ್ರದ ಹೆಸರು ನೆಲಗನ್ನಡಿ. ಸುಮಾರು ತೊಂಬತ್ತು ವರ್ಷದ ಹಿಂದೆ ಉಪಗ್ರಹಗಳು ತೆಗೆದ ಚಿತ್ರಗಳಲ್ಲಿ ಇಡೀ ಗದ್ದೆಯೇ ಒಂದು ಚುಕ್ಕೆ. ಅಂಥ ಮಸುಕು ಚಿತ್ರಗಳನ್ನು ರಾಶಿ ರಾಶಿಯಾಗಿ ಒಂದರ ಮೇಲೊಂದು ಹೊಂದಿಸಿ, ಒಂದರಲ್ಲಿ ಇಲ್ಲದ್ದನ್ನು ಇನ್ನೊಂದರಿಂದ ತುಂಬಿಸಿ, ಅದು ಹಳೆಯ ಗದ್ದೆಯನ್ನು ಬದುಗಳ ಸಮೇತ ಎಬ್ಬಿಸಿ ನಿಲ್ಲಿಸುತ್ತಿತ್ತು. ಪ್ರತಿ ಬೆಳೆಯೂ ಬಿಸಿಲನ್ನು ತನ್ನದೇ ರೀತಿಯಲ್ಲಿ ಹಿಂದಕ್ಕೆ ಎರಚುತ್ತದೆ. ಉಪ್ಪುನೀರಲ್ಲೂ ಬೆಳೆಯುವ ಕಗ್ಗ ಭತ್ತದ ಹೊಳಪು ಬೇರೆ, ಸಿಗಡಿ ಕೆರೆಯ ಹೊಳಪು ಬೇರೆ.

ಬೀರ ಗೌಡನಿಗೆ ಬೇಕಾದದ್ದೂ ಆ ವ್ಯತ್ಯಾಸವೇ. ಅಘನಾಶಿನಿಯ ಅಳಿವೆಯಲ್ಲಿದ್ದ ಉಬ್ಬರದ ನೀರು ನುಗ್ಗುವ ಅವನ ಗಜನಿ ಗದ್ದೆಯನ್ನು ಅಜ್ಜನ ಕಾಲದಲ್ಲೇ ಸಿಗಡಿ ಕಂಪನಿ ನುಂಗಿತ್ತು. ಮೊದಲು ಉಳುತ್ತಿದ್ದ ಮನೆತನಕ್ಕೆ ನೆಲ ಮರಳಿಸಬೇಕೆಂದು ಈಗ ಕಾನೂನು ಬಂದಿತ್ತು. ಯಂತ್ರ ತೋರಿಸಿದ್ದೇ ಸಾಕ್ಷಿ. ಪಕ್ಕದಲ್ಲಿ ಕೂತಿದ್ದವನು ಗೆಳೆಯ ಸೋಮ ಮುಕ್ರಿ, ಬೀರನ ಮನೆಗೆ ತಲೆತಲಾಂತರದಿಂದ ಆಳಾಗಿ ದುಡಿದವರ ಮನೆಯವನು. ಕಂಪನಿಯ ಗೇಟಿನ ಮುಂದೆ ಇಬ್ಬರೂ ಸೇರಿ ‘ಉಳುವವನೇ ಒಡೆಯ’ ಎಂದು ಗಂಟಲು ಹರಿದುಕೊಂಡಿದ್ದರು.

“ಬೀರಾ, ನಿನ್ನ ಮುತ್ತಜ್ಜ ಕಾಣ್ತನೇನ ನೋಡು. ಲಂಗೋಟಿ ಉಟ್ಟಿದ್ನೋ, ಅದೂ ಇಲ್ವೋ?”

“ಸುಮ್ನಿರಾ ಮಾರಾಯ!”

ಫರ್ಹಾನಾ ಚಿತ್ರದತ್ತ ಬಾಗಿದಳು. “ತೂಬಿನ ಹತ್ತಿರದ ಈ ಮೂಲೆ ಪ್ರತಿ ವರ್ಷ ತಡವಾಗಿ ಹಸಿರಾಗ್ತದೆ. ಮಣ್ಣು ಅದೇ, ನೀರು ಅದೇ. ಯಾಕೆ?”

ಸೋಮನ ನಗು ಅಲ್ಲೇ ನಿಂತಿತು. “ಅದು ನಮ್ಮ ಮುತ್ತಜ್ಜಂದು ಅಕ್ಕೋರೇ. ಕೂಲಿ ಬದ್ಲು ಕೊಟ್ಟ ತುಂಡು. ಗೌಡ್ರ ಗದ್ದೆ ಬಿತ್ತಿ ಮುಗ್ಸಿದ ಮೇಲೇ ನಮ್ಮದ್ರಲ್ಲಿ ಕಾಲಿಡೂದು.”

ವರ್ಷಗಳು ಸರಿದವು. ಗೇಣಿಗೆ ಉಳುತ್ತಿದ್ದ ಬೀರನ ಮುತ್ತಜ್ಜನಿಗೆ ಭೂಸುಧಾರಣೆಯಲ್ಲಿ ಗದ್ದೆ ಸ್ವಂತವಾದ ವರ್ಷ ಬಂತು. ಮುಂದಿನ ಮಳೆಗಾಲ ಇಡೀ ಗದ್ದೆ ಒಟ್ಟಿಗೇ ಹಸಿರಾಯಿತು. ತಡವಾಗುವ ಮೂಲೆ ಇರಲೇ ಇಲ್ಲ.

ಒಡೆಯರು ಗೇಣಿಯವರನ್ನು ಒಕ್ಕಲೆಬ್ಬಿಸಿದ ಕತೆ ಕೇಳಿಯೇ ಬೀರ ಬೆಳೆದವನು. ಮುತ್ತಜ್ಜನೇ ಆಳಿನ ತುಂಡು ಕಿತ್ತುಕೊಂಡ ಈ ಕತೆಯನ್ನು ಮನೆಯಲ್ಲಿ ಯಾರೂ ಹೇಳಿರಲಿಲ್ಲ.

“ಅರ್ಜಿ ನಿನ್ನದು ತಮಾ,” ಎಂದಳು ಫರ್ಹಾನಾ. “ಕಂಪನಿಗಿಂತ ಮೊದಲು ನಿಮ್ಮ ಗದ್ದೆಯಲ್ಲಿ ಭತ್ತ ಬೆಳೀತಿತ್ತು ಅಂತ ಸಾಬೀತಾಯ್ತು. ಮೂಲೆಯ ವಿಚಾರ ಯಾರೂ ಕೇಳಿಲ್ಲ. ಇಲ್ಲಿಗೇ ನಿಲ್ಲಿಸಲಾ?”

ಸೋಮ ಕಿಟಕಿಯಾಚೆ ನೋಡುತ್ತಿದ್ದ. ಬೀರನಿಗೆ ಸಿಟ್ಟು ಉಕ್ಕಿತು. ಯಂತ್ರದ ಮೇಲೆ, ಮುತ್ತಜ್ಜನ ಮೇಲೆ, ಬಾಯಿಗೆ ಬಂದು ನಿಂತಿದ್ದ ‘ಹೂಂ’ನ ಮೇಲೆ. ಅದನ್ನು ನುಂಗಿಕೊಂಡ.

“ಆ ಮೂಲೆ ಇವ್ನಿಗೆ ಬಿಟ್ಟು ಗೆರೆ ಎಳೀರಿ ಅಕ್ಕೋರೇ.”

“ಬಿಡೂದು ಎಂತದ್ರಾ?” ಸೋಮ ತಿರುಗಿದ. “ದಾನ ಕೊಡ್ತ್ಯಾ? ನಮ್ದು ಅಂತ ಬರೆಸು.”

ಬೀರ ಹಾಗೆಯೇ ಬರೆಸಿದ.

ಸುದ್ದಿ ಊರಿಗೆ ಹಬ್ಬಿ, ಮರುದಿನ ಫರ್ಹಾನಾಳ ಬಾಗಿಲಲ್ಲಿ ಜನ ನೆರೆದರು. ಅರ್ಜಿ ಕೊಡಲಿಕ್ಕಲ್ಲ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಿಕ್ಕೆ. ಗದ್ದೆ ಕಂಪನಿಯ ಪಾಲಾದರೂ ಸೈ, ತಮ್ಮ ಮನೆಯ ಮೂಲೆಗಳು ಬೆಳಕಿಗೆ ಬರುವುದು ಬೇಡವೆಂದವರೂ ಇದ್ದರು. ಅವಳು ಅರ್ಜಿಗಳನ್ನು ಮರಳಿಸಿದಳು. ಚಿತ್ರಗಳನ್ನು ಮರಳಿಸುವ ದಾರಿ ಇರಲಿಲ್ಲ.

ಉಪಗ್ರಹಕ್ಕೆ ಯಾರ ಅರ್ಜಿಯ ಹಂಗೂ ಇಲ್ಲ. ಈ ಹೊತ್ತಿಗೂ ಅದು ನಮ್ಮ ನಿಮ್ಮ ಗದ್ದೆಗಳ ಮೇಲೆ ಹಾದುಹೋಗುತ್ತಲೇ ಇದೆ, ಚಿತ್ರ ತೆಗೆಯುತ್ತಲೇ ಇದೆ. ಆ ಚಿತ್ರಗಳನ್ನು ಓದುವವರು ಇನ್ನೂ ಹುಟ್ಟಿಲ್ಲ, ಅಷ್ಟೇ.