ಅಮರೇಶನ ಗ್ಲೌಸು

ಸೂರ್ಯಕಾಂತನಿಗೆ ಮಣ್ಣು ಕೊಟ್ಟು ನಾಲ್ಕು ದಿನವಾಗಿತ್ತು. ಬೀದರಿನಿಂದ ಬಂದಿದ್ದ ನೆಂಟರು ಹಿಂದಿನ ಸಂಜೆಯ ಬಸ್ಸಿಗೆ ಹೊರಟುಹೋಗಿದ್ದರು. ಬೆಳಿಗ್ಗೆ ಹಾಲಿನವನು ಎಂದಿನಂತೆ ಗಂಟೆ ಬಾರಿಸಿ ಎಂದಿನಂತೆ ಎರಡು ಪಾಕೀಟು ಇಟ್ಟುಹೋದ. ಪಕ್ಕದ ಮನೆಯ ಕುಕ್ಕರು ಕೂಗಿತು. ಬಾಲಾನಗರದ ವರ್ಕ್‌ಶಾಪುಗಳಲ್ಲಿ ಕಬ್ಬಿಣ ಕೊರೆಯುವ ಸದ್ದು ಶುರುವಾಗಿ, ಅದರ ಬೆನ್ನಿಗೇ ಸುಟ್ಟ ಎಣ್ಣೆಯ ವಾಸನೆ ಕಿಟಕಿಯಿಂದ ಬಂತು. ಸೂರ್ಯಕಾಂತನ ಹೆಂಡತಿ ಸುಹಾಸಿನಿ ಹಾಲು ಒಲೆಗಿಟ್ಟು ನೋಡುತ್ತ ನಿಂತಳು. ಉಕ್ಕಿತು. ಉಕ್ಕಿ ಹರಿದ ಮೇಲೂ ನೋಡುತ್ತ ನಿಂತಳು.

ಬಾಗಿಲಲ್ಲಿ ಯಾರೋ ಕೆಮ್ಮಿದರು.

ಗಿರಿಜಾಬಾಯಿ. ಗಲ್ಲಿಯ ಕೊನೆಯ ಮನೆಯ ಮುದುಕಿ. ಕ್ಲಬ್ಬಿನ ಹುಡುಗರಿಗೆ ಫುಟ್‌ಬಾಲ್ ಕಲಿಸುವ ವೈಜನಾಥನ ಹೆಂಡತಿ. ಮಗಳ ಬಾಣಂತನಕ್ಕೆಂದು ಬೀದರಿಗೆ ಹೋಗಿದ್ದವಳು ಆಗಷ್ಟೇ ಬಸ್ಸಿಳಿದು ಬಂದಂತಿತ್ತು. ಕಂಕುಳಲ್ಲಿ ಚೀಲ ಹಾಗೆಯೇ ಇತ್ತು. ಸಾವಿನ ಮನೆಗೆ ಬಂದವರು ಮಾಡುವಂತೆ ಅವಳು ಒಳಗೆ ಬಂದು ಕೂರಲಿಲ್ಲ, ಅಳಲಿಲ್ಲ.

"ಯವ್ವಾ, ಗ್ಲೌಸ್ ಎಲ್ಲಿ ಅವ?"

"ಯಾವ ಗ್ಲೌಸ್ ಆಯಿ?"

"ನನ್ನ ಅಮರೇಶಂದು. ನಾ ಊರಾಗ ಇಲ್ದಾಗ ನಮ್ಮನಿಯವ್ರು ಟ್ರಂಕಿನ್ಯಾಗಿಂದ ತಗದು ನಿನ್ನ ಗಂಡಗ ಎರವು ಕೊಟ್ಟಾರಂತ. ವಾಪಸ್ ಕೊಡವ್ವ. ಅದರಾಗ ಇನ್ನೊಂದು ಕೈ ಹೋಗಬಾರದು."

ಅಮರೇಶ ಅವಳ ಒಬ್ಬನೇ ಮಗ. ಸೂರ್ಯಕಾಂತನಂತೆ ಅವನೂ ಗೋಲ್‌ಕೀಪರ್ ಆಗಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಫೈನಲ್ ಗೆದ್ದ ವಾರದಲ್ಲೇ ಸತ್ತಿದ್ದ. ಇಷ್ಟು ಗಲ್ಲಿಗೆಲ್ಲ ಗೊತ್ತಿತ್ತು. ಸೂರ್ಯಕಾಂತನ ಸ್ವಂತ ಗ್ಲೌಸು ಕಳೆದ ವಾರದ ಮ್ಯಾಚಿನ ಬೆಳಿಗ್ಗೆ ಹರಿದಿತ್ತು, ವೈಜನಾಥ ಮಗನದನ್ನು ಕೊಟ್ಟಿದ್ದ. ಅದರಲ್ಲಿ ವಿಶೇಷವೇನಿದೆ?

ಸುಹಾಸಿನಿ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ. ಮಾಡಿದವಳು. ಏಳು ತಿಂಗಳ ಹಿಂದೆ ಮದುವೆಯಾಗಿ ಹೈದರಾಬಾದಿಗೆ ಬಂದು, ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಹೊಸ ಶತಮಾನದ ಮೊದಲ ವರ್ಷ ಅದು. ಊರಿಗೆ ಊರೇ ಜಾವಾ ಕಲಿಯಲು ಹೊರಟಿತ್ತು. ನಾಲ್ಕು ದಿನದಿಂದ ಏನೂ ಅನ್ನಿಸದೆ ಮರಗಟ್ಟಿದ್ದ ಎದೆಯಲ್ಲಿ ಈಗ ಮೊದಲ ಸಲ ಏನೋ ಅಲುಗಿತು. ಅದು ಸಿಟ್ಟು.

"ಅವರಿಗೆ ಆಗಿದ್ದು ಧನುರ್ವಾಯು ಆಯಿ. ಮ್ಯಾಚಿಗಿಂತ ವಾರ ಮೊದಲ ಮೊಣಕೈ ಕೆತ್ತಿತ್ತು, ಗ್ರೌಂಡಿನ ಮಣ್ಣು ಸೇರ್ತು. ಡಾಕ್ಟರು ಬರದು ಕೊಟ್ಟಾರ. ಓದಿ ತೋರಿಸ್ಲೇನು?"

"ಡಾಕ್ಟರು ಬರದದ್ದು ಇರ್ಲಿ. ಮ್ಯಾಚ್ ಮುಗದ ಮ್ಯಾಲ ಅವನ ಬಾಯಾಗ ಪೇಢೆ ಇಟ್ರಲ್ಲ, ಒಳಗ ಹೋತೇನು?"

ಹೋಗಿರಲಿಲ್ಲ. ಪೇಢೆ ಗಂಟಲವರೆಗೆ ಹೋಗಿ ಹೊರಗೆ ಬಿದ್ದಿತ್ತು. ನೀರು ತುಟಿ ದಾಟಲಿಲ್ಲ. ರಾತ್ರಿಗೆ ದವಡೆ ಕಚ್ಚಿಕೊಂಡಿತು. ಮೂರನೆಯ ದಿನ ಉಸಿರೂ ಒಳಗೆ ಹೋಗಲಿಲ್ಲ.

"ಹಂಗಾರ ಗ್ಲೌಸಿನ್ಯಾಗ ದೆವ್ವ ಕುಂತೈತೇನು?" ಸುಹಾಸಿನಿ ನಕ್ಕಳು. ಆ ನಗೆ ಅವಳಿಗೇ ಬೇರೆಯವರದು ಅನ್ನಿಸಿತು. "ಈಗ ದೆವ್ವಕ್ಕೂ ಫುಟ್‌ಬಾಲ್ ಹುಚ್ಚು ಹಿಡದಂಗಾತು."

ಒಳಗಿನಿಂದ ಮಲ್ಲಿಕಾರ್ಜುನ ಬಂದ. ಸೂರ್ಯಕಾಂತನ ತಮ್ಮ, ಇಪ್ಪತ್ತೆರಡು ವರ್ಷ, ಲೇತ್ ಕೆಲಸ. ತಾಯಿತಂದೆ ಇಲ್ಲದ ಅವನನ್ನು ಅಣ್ಣನೇ ಸಾಕಿದ್ದ. ಈಗ ಅಣ್ಣನ ಜಾಗದಲ್ಲಿ ಗೋಲು ಕಾಯಬೇಕಾದವನೂ ಅವನೇ. ಫೈನಲ್ ಎಂದರೆ ಒಂದು ಮ್ಯಾಚಲ್ಲ, ಎರಡು: ಒಂದು ಬಾಲಾನಗರದಲ್ಲಿ, ಇನ್ನೊಂದು ಎದುರಾಳಿಗಳ ಜೀಡಿಮೆಟ್ಲಾದಲ್ಲಿ, ಎರಡರ ಗೋಲೂ ಕೂಡಿಸಿ ಹೆಚ್ಚಾದವರಿಗೆ ಕಪ್. ಮೊದಲನೆಯದನ್ನು ಬಾಲಾನಗರ ಒಂದು-ಸೊನ್ನೆಯಿಂದ ಗೆದ್ದಿತ್ತು. ಆ ಸೊನ್ನೆ ಸೂರ್ಯಕಾಂತನ ಕೈಯದು.

"ಮುಂದಿನ ಐತವಾರ ಮ್ಯಾಚ್ ಮುಗೀಲಿ ಆಯಿ, ನಾನೇ ತಂದು ಕೊಡ್ತೀನಿ," ಅಂದ ಮಲ್ಲಿಕಾರ್ಜುನ.

ಮುದುಕಿ ಅವನ ಮುಖ ನೋಡಲಿಲ್ಲ, ಕೈ ನೋಡಿದಳು. "ಬ್ಯಾಡೋ ತಮ್ಮಾ. ಅದು ನನ್ನ ಬಾಯಿಂದ ಬಂದ ಮಾತು…"

ಅಷ್ಟರಲ್ಲಿ ವೈಜನಾಥ ಸೈಕಲ್ಲಿನಲ್ಲಿ ಬಂದ. ಗಂಡನನ್ನು ಕಂಡದ್ದೇ ಗಿರಿಜಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಬದಿಯಲ್ಲೇ ಸರಿದು ಹೋದಳು.

ಸುಹಾಸಿನಿ ಗೂಟದಿಂದ ಗ್ಲೌಸು ತೆಗೆದಳು. ಹಳೆಯ ಚರ್ಮ, ಅಂಗೈಯಲ್ಲಿ ರಬ್ಬರು ಸವೆದಿತ್ತು. ರಬ್ಬರಿನಡಿ ಏನನ್ನೋ ಇಟ್ಟು ಹೊಲಿದ ಗಂಟು ಕೈಗೆ ತಾಗಿತು. ಬೆವರಿನ ವಾಸನೆ, ಅದರ ಕೆಳಗೆ ಕರ್ಪೂರದ ವಾಸನೆ. ಅದನ್ನು ಮೈದುನನ ಕೈಗಿತ್ತಳು.

"ನಿಮ್ಮಣ್ಣಂದು ಅರ್ಧ ಫೈನಲ್ ಉಳದೈತಿ ಮಲ್ಲೂ. ಮುಗಿಸಿ ಬಾ."

"ಮ್ಯಾಚಿನ ದಿನಾನೇ ಹಾಕ್ಕೋತೀನಿ ವೈನಿ. ಅಲ್ಲಿತನಕ ಇದರಾಗಿನ ಬೆವರು ಅಣ್ಣಂದೇ ಇರ್ಲಿ."

*

ಜೀಡಿಮೆಟ್ಲಾದ ಮೈದಾನದಲ್ಲಿ ಹುಲ್ಲಿರಲಿಲ್ಲ. ಔಷಧ ಕಾರ್ಖಾನೆಗಳ ಗಾಳಿ ಕೆಳಗಿಳಿದು ಕೂತಿತ್ತು: ಕೊಳೆತ ಮೊಟ್ಟೆ, ಸ್ಪಿರಿಟ್ಟು, ನಡುನಡುವೆ ಎಲ್ಲಿಂದಲೋ ಒಂದು ಸಿಹಿ ನಾತ. ಗೋಲಿನ ಹಿಂದೆ ಕಂಪ್ಯೂಟರ್ ಕ್ಲಾಸಿನ ಬ್ಯಾನರು ಕಟ್ಟಿದ್ದರು. ಆರು ತಿಂಗಳಲ್ಲಿ ಅಮೆರಿಕ ಎಂದು ಅದರಲ್ಲಿತ್ತು. ಸುಹಾಸಿನಿ ಅದರ ಪಕ್ಕದಲ್ಲೇ ನಿಂತಳು. ಮಲ್ಲಿಕಾರ್ಜುನ ಗ್ಲೌಸಿನೊಳಗೆ ಕೈ ತೂರಿಸುವಾಗ ಒಮ್ಮೆ ಮುಖ ಕಿವುಚಿದ.

"ಏನಾತು?"

"ತಣ್ಣಗೈತಿ ವೈನಿ. ಬಾವಿಯೊಳಗ ಕೈ ಹಾಕಿದಂಗ."

ಮೊದಲರ್ಧದಲ್ಲಿ ಒಂಬತ್ತು ಹೊಡೆತ ಬಂದವು. ಒಂಬತ್ತೂ ನಿಂತವು. ಜೀಡಿಮೆಟ್ಲಾದ ಸ್ಟ್ರೈಕರ್ ಹತ್ತಿರ ಬಂದು ರೇಗಿಸಿದ: "ಕ್ಯಾ ರೇ, ಹಾತಾಂ ಕು ಗೋಂದ್ ಲಗಾಕೆ ಆಯಾ ಕ್ಯಾ?"

"ಆಜಾ ಭಾಯ್, ತೂ ಬೀ ಚಿಪಕ್ ಜಾಯೇಂಗಾ," ಅಂದ ಮಲ್ಲಿಕಾರ್ಜುನ. ಕೈಗೆ ಅಂಟು ಹಚ್ಚಿಕೊಂಡು ಬಂದಿದ್ದೀಯಾ ಎಂದರೆ, ಬಾ, ನೀನೂ ಅಂಟಿಕೊಳ್ಳುತ್ತೀ ಎಂಬ ಉತ್ತರಕ್ಕೆ ಎರಡೂ ಕಡೆಯವರು ನಕ್ಕರು.

ಅರ್ಧ ವಿರಾಮದಲ್ಲಿ ಅವನು ಬಾಟಲಿ ಎತ್ತಿ ಬಾಯಿಗೆ ಸುರಿದುಕೊಂಡ. ನೀರು ಗದ್ದದಿಂದಿಳಿದು ಎದೆ ತೋಯಿಸಿತು. "ಕುಡಿಯಾಕತ್ತೀಯೋ, ಜಳಕ ಮಾಡಾಕತ್ತೀಯೋ?" ಎಂದರು ಗೆಳೆಯರು. ಅವನೂ ನಗಲು ನೋಡಿದ. ಮತ್ತೆ ಸುರಿದುಕೊಂಡ. ಮತ್ತೆ ಗದ್ದದಿಂದಿಳಿಯಿತು.

ಸುಹಾಸಿನಿ ನೋಡಿದಳು. ದಣಿವು, ಬಿಸಿಲು ಎಂದುಕೊಂಡಳು. ಅಂದುಕೊಳ್ಳುವಾಗ ಬ್ಯಾನರಿನ ಹಗ್ಗವನ್ನು ಹಿಡಿದಿದ್ದಳು. ಉಗುರು ಅಂಗೈಗೆ ಚುಚ್ಚುವಷ್ಟು ಬಿಗಿಯಾಗಿ.

ಕೊನೆಯ ನಿಮಿಷಗಳಲ್ಲಿ ಜೀಡಿಮೆಟ್ಲಾಕ್ಕೆ ಪೆನಾಲ್ಟಿ ಸಿಕ್ಕಿತು. ಸ್ಟ್ರೈಕರ್ ಓಡಿ ಬಂದ. ಹೊಡೆದ. ಮಲ್ಲಿಕಾರ್ಜುನ ಬಲಕ್ಕೆ ಹಾರಿದ. ಚೆಂಡು ಎಡಕ್ಕೆ ಬಂತು. ಮುಗಿಯಿತು ಎಂದುಕೊಂಡರು ಎಲ್ಲರೂ. ಅವನ ಮೈ ಬಲಕ್ಕೆ ಬೀಳುತ್ತಿತ್ತು. ಎಡಗೈ ಮಾತ್ರ ಹಿಂದಕ್ಕೆ ಹೋಯಿತು. ಭುಜ ಲಟ್ಟೆಂದಿತು. ಕೈ ಚಾಚಿತು. ಇನ್ನೂ ಚಾಚಿತು. ಚೆಂಡನ್ನು ಹಿಡಿಯಿತು.

ಜನ ಕುಣಿಯುತ್ತ ಒಳನುಗ್ಗಿದರು. ಸುಹಾಸಿನಿ ಮಾತ್ರ ಅವನ ಮುಖವನ್ನು ಕಂಡಿದ್ದಳು. ಆ ಕೈಯನ್ನು ಅವನು ಬೇರೆ ಯಾರದೋ ಕೈಯೆಂಬಂತೆ ನೋಡುತ್ತಿದ್ದ.

ಸೊನ್ನೆ-ಸೊನ್ನೆ. ಕಪ್ ಬಾಲಾನಗರಕ್ಕೆ. ವೈಜನಾಥ ಅಳುತ್ತ ಪೇಢೆಯ ಡಬ್ಬಿ ಬಿಚ್ಚಿ ಮಲ್ಲಿಕಾರ್ಜುನನ ಬಾಯಿಗೆ ಒಂದನ್ನು ಇಟ್ಟ.

ಪೇಢೆ ಹೊರಗೆ ಬಿತ್ತು.

*

ಸಂಜೆ ಏಳಕ್ಕೆ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಟಾರ್ಚು ಹಿಡಿದು ಗಂಟಲು ನೋಡಿದರು. ಏನೂ ಇರಲಿಲ್ಲ. ಮೈಮೇಲೆ ಒಂದು ಗೀರಿಲ್ಲ. ಜ್ವರವಿಲ್ಲ. ಬೆಳಿಗ್ಗೆವರೆಗೆ ಗ್ಲೂಕೋಸ್ ಏರಿಸೋಣ ಎಂದರು.

ನರ್ಸು ಸೂಜಿ ಚುಚ್ಚಿದಳು. ಸೂಜಿ ಚರ್ಮದ ಮೇಲೆ ನಿಂತಿತು. ಒತ್ತಿದಳು. ಬಾಗಿತು. ಇನ್ನೊಂದು ತಂದಳು. ಅದೂ ಬಾಗಿತು.

"ನರ ಸಿಗ್ತಾ ಇಲ್ಲಮ್ಮ," ಅಂದಳು, ಸುಹಾಸಿನಿಯ ಕಣ್ಣು ತಪ್ಪಿಸಿ.

ಇದೇ ಮಾತನ್ನು ಎರಡು ವಾರದ ಹಿಂದೆ ಇನ್ನೊಂದು ಆಸ್ಪತ್ರೆಯಲ್ಲಿ ಇನ್ನೊಬ್ಬ ನರ್ಸು ಸೂರ್ಯಕಾಂತನ ಮಂಚದ ಪಕ್ಕ ಹೇಳಿದ್ದಳು. ಅವನ ಚಾದರದ ಮೇಲೂ ಬಾಗಿದ ಸೂಜಿಗಳಿದ್ದವು. ಸುಹಾಸಿನಿ ಅವನ್ನು ನೋಡಿದ್ದಳು. ನೋಡಿಯೂ ಧನುರ್ವಾಯು ಎಂದು ಬರೆದ ಕಾಗದವನ್ನೇ ನಂಬಿದ್ದಳು.

ಬೆಳಗಾಗುವಷ್ಟರಲ್ಲಿ ಮಲ್ಲಿಕಾರ್ಜುನನ ದವಡೆ ಬಿಗಿಯತೊಡಗಿತು. ಅಣ್ಣನಿಗೆ ಮೂರು ದಿನ ಹಿಡಿದಿತ್ತು. ಇವನಿಗೆ ಅಷ್ಟು ಹಿಡಿಯುವಂತೆ ಕಾಣಲಿಲ್ಲ. ಉಸಿರು ಮೂಗಿನ ತುದಿಯಲ್ಲಿ ಬಂದು, ಬಾಗಿಲು ಹಾಕಿದ ಮನೆಯ ಮುಂದಿನ ನೆಂಟನಂತೆ ನಿಂತು, ಹಿಂದೆ ಹೋಗುತ್ತಿತ್ತು. ಮಾತಾಡಲು ನೋಡಿದ. ಹಲ್ಲುಗಳ ನಡುವಿನಿಂದ ಒಂದೇ ಪದ ಬಂತು.

"ವೈನಿ."

ವೈಜನಾಥನನ್ನು ಅವನ ಬಳಿ ಕೂರಿಸಿ, ಗ್ಲೌಸು ಇದ್ದ ಚೀಲ ತೆಗೆದುಕೊಂಡು ಸುಹಾಸಿನಿ ಆಟೋ ಹತ್ತಿದಳು.

*

ಗಿರಿಜಾಬಾಯಿ ಕಾದು ಕೂತವಳಂತೆ ಬಾಗಿಲ ಬಳಿಯೇ ಇದ್ದಳು. ಹಣೆಯ ತುಂಬ ವಿಭೂತಿ. ಒಳಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಹಗಲಿನಲ್ಲೂ ಕತ್ತಲೆ, ಅದೇ ಕರ್ಪೂರದ ವಾಸನೆ. ಗೋಡೆಯ ಮೇಲಿನ ಫೋಟೋದಲ್ಲಿ ಅಮರೇಶ ಚೆಂಡು ಹಿಡಿದು ನಗುತ್ತಿದ್ದ.

"ಏನ್ ಮಾಡೀರಿ ಆಯಿ ಇದಕ್ಕ?"

ಮುದುಕಿ ಬಾಗಿಲು ಮುಂದೆ ಮಾಡಿದಳು.

"ಮಗಾ ಸೋಲಬಾರದು ಅಂತಿತ್ತು," ಅಂದಳು. "ನಮ್ಮನಿಯವ್ರಿಗೆ ಹೇಳದಂಗ ಝಹೀರಾಬಾದ್ ದಾಟಿ ಒಬ್ಬಾಂವನ ಕಡೆ ಹೋದೆ. ಮಾಟ ಮಾಡಾಂವ. ಅಂವ ಅಂದ, ನಿನಗೇನ್ ಬೇಕೋ ಒಂದೇ ಮಾತಿನ್ಯಾಗ ಹೇಳು, ಹೇಳಿದ ಮ್ಯಾಲ ತಿದ್ದಂಗಿಲ್ಲ ಅಂತ. ಗ್ರೌಂಡಿನ್ಯಾಗ ಹುಡುಗೂರು ಹೆಂಗ ಒದರ್ತಾರ? ಗೋಲ್ ಆದ್ರ ಏನಂತಾರ? 'ಒಳಗ ಹೋತು, ಒಳಗ ಹೋತು' ಅಂತಾರಲ್ಲ? ನಾ ಅದನ್ನೇ ಅಂದೆ." ಅವಳ ದನಿ ತಗ್ಗಿತು. "ಏನೂ ಒಳಗ ಹೋಗಬಾರದು, ಅಂದೆ."

ಸುಹಾಸಿನಿ ಕೈಯಲ್ಲಿದ್ದ ಚೀಲವನ್ನು ಮೈಯಿಂದ ದೂರ ಹಿಡಿದಳು.

"ಚೆಂಡು ಅನ್ಲಿಲ್ಲ ಯವ್ವಾ. ಒಂದು ಚೆಂಡು ಅನ್ನೋ ಮಾತು ಬಿಟ್ಟೆ."

ನೀವು ಹೇಳಿದ್ದನ್ನು ಯಂತ್ರ ಮಾಡುತ್ತದೆ, ನಿಮ್ಮ ಮನಸ್ಸಿನಲ್ಲಿದ್ದದ್ದನ್ನಲ್ಲ. ಕ್ಲಾಸಿನಲ್ಲಿ ದಿನವೂ ಇದನ್ನು ಹೇಳಿ ಹುಡುಗರನ್ನು ಸುಹಾಸಿನಿ ನಗಿಸುತ್ತಿದ್ದಳು.

"ಸುಡಬೇಕಿತ್ತು!" ಎಂದು ಕಿರುಚಿದಳು.

"ಸುಟ್ಟೆ. ಬೆಂಕಿ ಒಳಗ ಹೋಗ್ಲಿಲ್ಲ. ಕತ್ತರಿ ಹಾಕಿದೆ. ಕತ್ತರಿ ಒಳಗ ಹೋಗ್ಲಿಲ್ಲ. ಅದರಾಗ ಹೋಗೋದು ಕೈ ಒಂದೇ."

"ಹಂಗಾರ ಬಿಡೋದು ಹೆಂಗ? ಮಲ್ಲು ಇನ್ನ ಉಸಿರಾಡಾಕತ್ತಾನ ಆಯಿ. ಉಸಿರಾಡಾಕತ್ತಾನ. ಹೇಳ್ರಿ."

"ಇನ್ನೊಂದು ಕೈ ಹೋದ್ರ ಹಿಂದಿನ ಕೈ ಬಿಡ್ತೈತಿ."

ಹೊರಗೆ ಯಾರದೋ ರೇಡಿಯೋ ತೆಲುಗಿನಲ್ಲಿ ಏನೋ ಮಾರುತ್ತಿತ್ತು. ಮುದುಕಿಯ ಮಾತು ಅರ್ಥವಾಗುವವರೆಗೂ ಸುಹಾಸಿನಿ ನಿಂತಳು. ಅರ್ಥವಾದ ಮೇಲೆ ಕೇಳಬಾರದ್ದನ್ನು ಕೇಳಿದಳು.

"ನಿಮಗ ಇದು ಯಾವಾಗ ಗೊತ್ತಾತು?"

"ಅಮರೇಶ ಇದ್ದಾಗಲೇ. ಆ ಮಾಟದಾಂವನೇ ಹೇಳಿದ್ದ." ಗಿರಿಜಾಬಾಯಿ ಫೋಟೋದ ಕಡೆ ತಿರುಗಲಿಲ್ಲ. "ಕೈಯಾಗ ಹಿಡಕೊಂಡು ಅವನ ಹಾಸಿಗಿ ಬಾಜೂಕ ಕುಂತಿದ್ದೆ. ಒಂದು ಪೂರ್ತಿ ದಿನ. ಹಾಕ್ಕೊಳ್ಳಾಕ ಧೈರ್ಯ ಆಗ್ಲಿಲ್ಲ. ಸಂಜೀಕ ಅಂವ ಹೋದ."

ಸುಹಾಸಿನಿ ಗ್ಲೌಸನ್ನು ಚೀಲದಿಂದ ತೆಗೆದಳು. ತೆಗೆದು ತನ್ನ ಕೈ ನೋಡಿಕೊಂಡಳು. ಬಳೆ ತೆಗೆದ ಕೈ. ಮುಂಗೈಯಲ್ಲಿ ಬಳೆಯಿದ್ದ ಕಡೆ ಚರ್ಮ ಇನ್ನೂ ಬೆಳ್ಳಗಿತ್ತು. ಗಂಡ ಹೋದಾಗಿನಿಂದ ಅವಳು ತಾನು ಸತ್ತರೆ ಸಾಯಲಿ ಎಂದೇ ಇದ್ದಳು, ಹಾಗೆಂದೇ ತಿಳಿದಿದ್ದಳು. ಮುದುಕಿಯ ಮಾತನ್ನು ನಕ್ಕು ಕಳಿಸಿದವಳು ಅವಳು. ಗ್ಲೌಸನ್ನು ಮಲ್ಲುವಿನ ಕೈಗಿತ್ತವಳೂ ಅವಳೇ. ಬೆರಳು ತುಸು ಮಡಚಿ ಒಳಗೆ ತೂರಿಸಿದರೆ ಸಾಕು.

ಬೆರಳು ಮಡಚಲಿಲ್ಲ. ಗಂಟಲಿಗೆ ಎಂಜಲು ಬಂತು. ನುಂಗಿದಳು. ಅದು ಒಳಗೆ ಹೋಯಿತು. ಅದು ಹೋದದ್ದರ ಸುಖ ಅವಳನ್ನು ನಾಚಿಸಿತು.

ಗಿರಿಜಾಬಾಯಿ ಅದನ್ನು ಕಂಡಳು. ಕಂಡು ಬೈಯಲಿಲ್ಲ. ಅಂಗಿ ತೊಡಿಸಿಕೊಳ್ಳುವ ಕೂಸಿನಂತೆ ಎರಡೂ ಕೈ ಮುಂದೆ ಚಾಚಿದಳು.

"ನನ್ನಿಂದ ಆಗಂಗಿಲ್ಲ. ಹನ್ನೊಂದು ವರ್ಷದಿಂದ ಆಗಿಲ್ಲ. ನೀನೇ ಹಾಕು."

"ಆಯಿ…"

"ಎರವು ಒಯ್ದಿದ್ದು ಕೊಡಾಕ ಬಂದೀ ಹೌದಿಲ್ಲೋ? ಕೊಡು. ಅಲ್ಲಿ ಹುಡುಗನ ಉಸಿರು ನಿಂತೀತು."

ಸುಹಾಸಿನಿ ಬಲಗೈಯದನ್ನು ಹಾಕಿದಳು. ಗಂಟುಬಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒಳಗೆ ಕಳಿಸಬೇಕಾಯಿತು. ಎಡಗೈಯದನ್ನು ಹಾಕುವಾಗ ಮುದುಕಿ ಕೈ ಹಿಂದಕ್ಕೆಳೆದುಕೊಂಡಳು. ಸುಹಾಸಿನಿ ಮುಂಗೈ ಹಿಡಿದಳು. ಬಿಗಿಯಾಗಿ ಹಿಡಿದಳು. ತೊಡಿಸಿದಳು. ಪಟ್ಟಿ ಎಳೆದು ಕಟ್ಟಿದಳು.

ಗಿರಿಜಾಬಾಯಿ ಒಮ್ಮೆ ಬಾಯಿ ತೆರೆದು, ನೀರಿಂದ ಮೇಲೆ ಬಂದವಳಂತೆ ಉಸಿರೆಳೆದುಕೊಳ್ಳಲು ನೋಡಿದಳು.

"ಎರವು ಮುಟ್ಟಿತು," ಅಂದಳು. "ಇನ್ನ ಹೋಗವ್ವ. ನೀ ದವಾಖಾನಿಗೆ ಹೋದ ಮ್ಯಾಲ ನಮ್ಮನಿಯವ್ರು ಊಟಕ್ಕ ಬರ್ತಾರ. ಇವತ್ತು ಸೋಮಾರ. ಉಪವಾಸ ಅದೀನಿ ಅಂತ ಹೇಳ್ತೀನಿ."