ಅರ್ಧ ದಾರಿ ಮೆಣಸಿನಕಾಯಿಗೆ

"ಅಯ್ಯಯ್ಯೋ... ನಿಲ್ಲಸ್ರೀ! ಮೆಣಸಿನಕಾಯಿ! ಮೆಣಸಿನಕಾಯಿ!"

ಗಂಗೋತ್ರಿ ಕೂಗಿ ಮುಗಿಸುವಷ್ಟರಲ್ಲಿ ಸೈಕಲ್ಲು ಅವಳ ಕೆಂಪು ರಾಶಿಯ ಮೇಲೆ ಹತ್ತಿ, ಜಾರಿ, ಅಡ್ಡಬಿದ್ದಿತ್ತು. ಬಿದ್ದವರು ಒಬ್ಬರಲ್ಲ, ಇಬ್ಬರು! ಎರಡು ಸೀಟು, ಎರಡು ಜೊತೆ ಪೆಡಲು ಇದ್ದ ಅಷ್ಟುದ್ದದ ಸೈಕಲ್ಲನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

"ಏನ್ರೀ, ಕಣ್ಣು ಕಾಣಂಗಿಲ್ಲೇನು ನಿಮಗ?"

ಹಿಂದಿನ ಸೀಟಿನಿಂದ ಬಿದ್ದ ಹಿರಿಯರು ಮೂರು ಸಲ ಸೀನಿ, ಮೊಣಕೈ ಸವರಿಕೊಳ್ಳುತ್ತಾ ನಕ್ಕರು. "ನಂಗಂತೂ ಕಾಣಂಗಿಲ್ಲವ್ವ, ಐದು ವರ್ಷ ಆತು. ನನ್ನ ಮಗ ಅಮರೇಶಂಗೂ ಕಾಣಂಗಿಲ್ಲಂತ ಇವತ್ತ ಗೊತ್ತಾತು ನೋಡು!"

ಗಂಗೋತ್ರಿ ನಾಲಿಗೆ ಕಚ್ಚಿಕೊಂಡಳು. ಅಜ್ಜಿ ಶಿವಬಸಮ್ಮ ನೀರಿನ ತಂಬಿಗೆ ಹಿಡಿದು ಓಡಿಬಂದಳು.

ಅಪ್ಪನ ಮೊಣಕೈಯಲ್ಲಿ ರಕ್ತ ಕಂಡದ್ದೇ ಅಮರೇಶನಿಗೆ ಸಿಟ್ಟು ನೆತ್ತಿಗೇರಿತು. "ಇದು ನಡಿಯೋರಿಗೆ, ಸೈಕಲ್ ತುಳಿಯೋರಿಗೆ ಮಾಡಿದ ದಾರಿರೀ! ನಿಮ್ಮ ಕಣ ಅಲ್ಲ!"

"ಹೌದ್ರಿ? ನಮ್ಮ ಕಣಾನೂ ಸೇರಿಸ್ಕೊಂಡಽ ಈ ದಾರಿ ಅಗಲ ಮಾಡಿದ್ರು. ಮತ್ತ ನಾವೆಲ್ಲಿ ಹರವಬೇಕು? ನಿಮ್ಮ ತಲಿ ಮ್ಯಾಲೇನು?"

ಕುರುಗೋಡಿನಿಂದ ಕೊಳಗಲ್ಲಿನ ಕಡೆಗೆ ಸಾಗುವ ಆ ಹಳೆಯ ರೈಲು ದಾರಿಯಲ್ಲಿ ಗಾಡಿ ಓಡಿದ್ದನ್ನು ಗಂಗೋತ್ರಿ ನೋಡಿಲ್ಲ. ಅಜ್ಜಿ ಮಾತ್ರ ಸಿರುಗುಪ್ಪದ ತವರಿಗೆ ಅದೇ ರೈಲು ಹತ್ತುತ್ತಿದ್ದಳಂತೆ. ಹಳಿ ಕಿತ್ತ ಮೇಲೆ ಜಾಲಿ ಬೆಳೆದು, ಹಾವುಗಳು ಬಿಲ ಮಾಡಿಕೊಂಡಿದ್ದ ಜಾಗವದು. ಎರಡು ವರ್ಷದ ಹಿಂದೆ ಅದನ್ನೆಲ್ಲ ಕಡಿದು, ನುಣ್ಣಗೆ ಸಿಮೆಂಟು ಹಾಕಿದ್ದರು. ಬೆಳಗಾದರೆ ಬಳ್ಳಾರಿಯವರು ಸೈಕಲ್ಲು ತುಳಿಯುತ್ತಾ ಬರುತ್ತಿದ್ದರು. ಊರವರ ಕಣ್ಣಿಗೆ ಅದು ಮೆಣಸಿನಕಾಯಿ ಒಣಗಿಸಲೆಂದೇ ಹಾಸಿಟ್ಟಂತಿತ್ತು.

ಮರುದಿನ ಗಂಗೋತ್ರಿ ಕಾಯಿಯ ಹರವನ್ನು ಬಲಕ್ಕೆ ಸರಿಸಿ, ಎಡಕ್ಕೆ ಸೈಕಲ್ಲು ಹೋಗುವಷ್ಟು ಜಾಗ ಬಿಟ್ಟಳು.

ಅಪ್ಪ-ಮಗನ ಸೈಕಲ್ಲು ಬಂದು ಅಲ್ಲೇ ನಿಂತಿತು. ಹಿಂದಿನ ಸೀಟಿನ ಹಿರಿಯರಾದ ಮರಿಬಸಪ್ಪ ಮೇಷ್ಟ್ರು ಗಾಳಿ ಮೂಸಿದರು. "ಬಲಕ್ಕ ಖಾರ ಬಂತು ಅಂದ್ರ ಕುರುಗೋಡು ಬಂತು. ನಂಗ ಇನ್ನ ಇವನ ಕಣ್ಣು ಬ್ಯಾಡ ಬಿಡವ್ವ."

ಆಮೇಲೆ ಅದು ದಿನದ ರೂಢಿಯಾಯಿತು. ಮೇಷ್ಟ್ರು ಅಜ್ಜಿಯ ಜೊತೆ ಚಹಾ ಕುಡಿಯುತ್ತಾ ಹಳೆಯ ರೈಲಿನ ಸುದ್ದಿ ಹೇಳುವರು. ಅಮರೇಶ್ ಗಂಗೋತ್ರಿಯ ಜೊತೆ ಕಾಯಿ ಮಗುಚುವನು. ಬಳ್ಳಾರಿಯ ಗಾಂಧಿನಗರದಲ್ಲಿ ಅವನದು ಸೈಕಲ್ಲಿನ ಅಂಗಡಿ. ಅಪ್ಪನಿಗೆಂದೇ ಎರಡು ಸೈಕಲ್ಲು ಬೆಸೆದು ಒಂದು ಮಾಡಿದ್ದನಂತೆ.

'ಇಷ್ಟು ಅಂತಃಕರಣ ಇರೋರು ಅವತ್ತು ಹಂಗ್ಯಾಕ ಬೈದ್ರು?' ಎಂದು ಅವಳಿಗೆ ನಗು ಬರುತ್ತಿತ್ತು.

"ಅಲ್ಲಲೇ ಗಂಗಿ, ಅದಽ ಕಾಯಿ ಎಷ್ಟು ಸಲ ಮಗುಚ್ತಿ? ಅದಕ್ಕೂ ತಲಿ ತಿರುಗೀತು!" ಎಂದು ಅಜ್ಜಿ ಛೇಡಿಸುತ್ತಿದ್ದಳು.

ಹನ್ನೆರಡನೇ ದಿನ ದಾರಿಯ ಕಾವಲುಗಾರ ದುರ್ಗೇಶ್ ಬಂದ.

"ಯಕ್ಕಾ, ನಾಲ್ಕು ದಿನದಾಗ ಎಲ್ಲಾ ಎತ್ತಬೇಕಂತ. ದಾರಿ ನೋಡ್ಕೊಳ್ಳೋ ಸಮಿತಿಗೆ ಅರ್ಜಿ ಬಂದೈತಿ."

"ಎತ್ತಿ ಗುಡ್ಡಿ ಹಾಕಿದ್ರ ಬೂಸ್ಟು ಹಿಡಿತೈತಲ್ಲೋ! ಇನ್ನೂ ಹಸಿ ಐತಿ. ಯಾರು ಕೊಟ್ಟಿದ್ದು ಅರ್ಜಿ?"

ಅವನು ಫೋನಿನಲ್ಲಿ ತೋರಿಸಿದ. ಕೆಳಗೆ ದುಂಡಗಿನ ಸಹಿ... ಅಮರೇಶ್, ಗಾಂಧಿನಗರ.

ಗಂಗೋತ್ರಿಗೆ ಕಾಲ ಕೆಳಗಿನ ಸಿಮೆಂಟು ಸುಟ್ಟಂತಾಯಿತು. 'ನಮ್ಮ ಚಾ ಕುಡಿದು, ನಮ್ಮ ಕಾಯಿ ಮಗುಚಿ... ಇಷ್ಟು ದಿನ ನಕ್ಕಿದ್ದೆಲ್ಲ ಸುಳ್ಳಾ?'

ಮರುದಿನ ಅವನು ಸೈಕಲ್ಲಿನಿಂದ ಇಳಿಯುವ ಮೊದಲೇ ಎದುರು ನಿಂತಳು.

"ಅರ್ಜಿ ನೀವು ಬರದ್ರೋ ಇಲ್ಲೋ? ಅಷ್ಟು ಹೇಳ್ರಿ."

ಅಮರೇಶನ ಮುಖ ಕಪ್ಪಿಟ್ಟಿತು. "ಬರದೆ. ಅಪ್ಪ ಬಿದ್ದ ದಿನ... ಸಿಟ್ಟಿನಾಗ."

"ಆಮ್ಯಾಲೆ ಹೇಳಾಕ ಬಾಯಿ ಇರ್ಲಿಲ್ಲೇನು?"

"ಆಮ್ಯಾಲೆ ನಿಮ್ಮನ್ನ ನೋಡಾಕ ಬರ್ತಿದ್ದೆ. ಹೇಳಿದ್ರ ಮಾತು ಬಿಡ್ತೀರಿ ಅಂತ ಅಂಜಿದೆ."

"ಈಗ ಬಿಟ್ಟೆ."

ಎರಡು ದಿನ ಸೈಕಲ್ಲು ಬರಲಿಲ್ಲ. ಬಾರದಿದ್ದರೇ ಒಳ್ಳೆಯದೆಂದು ಅವಳು ಅಂದುಕೊಂಡಳು. ಆದರೆ ದಾರಿಯ ಆ ತುದಿಯನ್ನು ಕಣ್ಣುಗಳು ಬಿಡಬೇಕಲ್ಲ!

ಮೂರನೇ ದಿನ, ಗಡುವು ಮುಗಿಯುವ ಮೊದಲು, ಅರ್ಜಿಯ ವಿಚಾರಕ್ಕೆ ಹಳೆಯ ನಿಲ್ದಾಣದ ಕಟ್ಟೆಯ ಮೇಲೆ ಸಮಿತಿ ಸೇರಿತು. ಸೈಕಲ್ಲಿನವರು ಒಂದು ಕಡೆ, ರೈತರು ಒಂದು ಕಡೆ. ಗಂಗೋತ್ರಿ ಕಾಯಿ ಮಗುಚುತ್ತಿದ್ದವಳು ಹಾಗೇ ಎದ್ದು ಅಜ್ಜಿಯ ಜೊತೆ ಬಂದು, ಕಂಬಕ್ಕೆ ಒರಗಿ ನಿಂತಳು.

ಮೊದಲು ಎದ್ದವನು ಅಮರೇಶ್.

"ಅರ್ಜಿ ನಂದು. ತಪ್ಪೂ ನಂದು. ಈ ಜನ ತಮ್ಮ ಕಣ ಕೊಟ್ಟಿದ್ದಕ್ಕ ನಮಗ ದಾರಿ ಆಗೈತಿ. ಅದನ್ನ ಕೇಳದಽ ಬರದೆ. ಕಾಯಿ ಒಣಗೋತನಕ ಬಲಗಡೆ ಅರ್ಧ ಅವರಿಗಿರ್ಲಿ, ಎಡಗಡೆ ಅರ್ಧ ನಮಗ ಸಾಕು."

ಹಿಂದಿನಿಂದ ಯಾರೋ ಕೂಗಿದರು. "ಸಾಕಂತ ನೀ ಹೇಳ್ತಿ. ಬಿದ್ರ ಯಾರು ಹೊಣಿ?"

ಮೇಷ್ಟ್ರು ಕೋಲೂರಿ ಎದ್ದರು. "ಇಲ್ಲೀತನಕ ಬಿದ್ದು ಗಾಯ ಆಗಿದ್ದು ನನಗೊಬ್ಬಂಗಽ. ನಾನು ಒಪ್ಪೀನಿ. ಬೀಳದೇ ಇರೋ ನಿಂದೇನಪ್ಪ?"

ಕಟ್ಟೆಯೆಲ್ಲ ನಕ್ಕಿತು. ಅರ್ಧ ದಾರಿ ಮೆಣಸಿನಕಾಯಿಗೆ ಎಂದು ಸಮಿತಿ ಬರೆದುಕೊಂಡಿತು.

ಜನ ಚದುರಿದ ಮೇಲೆ ಅಮರೇಶ್ ಅವಳ ಹತ್ತಿರ ಬಂದ. "ಗಂಗೋತ್ರಿ... ಬೈಯಾಕಾದ್ರೂ ಮಾತಾಡ್ರಿ."

"ಆವತ್ತಽ ಹೇಳಿದ್ರ ಎರಡು ದಿನ ಬೈತಿದ್ದೆ. ಮೂರನೇ ದಿನ ಚಾ ಕೊಡ್ತಿದ್ದೆ. ಇಷ್ಟೂ ತಿಳೀಲಿಲ್ಲಲ್ಲ ನಿಮಗ!" ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಎತ್ತಿ ಅಲ್ಲೇ ನಿಲ್ಲಿಸಿದಳು. "ಕೈಯೆಲ್ಲಾ ಖಾರ..."

ಅವನು ಕರ್ಚೀಫು ತೆಗೆದು, ಮೆಲ್ಲಗೆ, ಹೆದರಿ ಹೆದರಿ ಒರೆಸಿದ. "ಇನ್ನ ಮುಂದ ಏನಿದ್ರೂ ಮೊದಲು ನಿಮಗ ಹೇಳ್ತೀನಿ."

"ಈಗೇನರ ಐತೇನು ಹೇಳಾಕ?"

"ಐತಿ... ನಿಮ್ಮನ್ನ ಬಿಟ್ಟು ಇರಾಕ ಆಗಂಗಿಲ್ಲ ನಂಗ."

ಅವಳು ತಲೆ ತಗ್ಗಿಸಿದಳು. ಕಟ್ಟೆಯ ಆ ತುದಿಯಲ್ಲಿ ಅಜ್ಜಿ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು.

"ಹಂಗಾರ ನಮ್ಮಜ್ಜಿಗೆ ನೀವಽ ಹೇಳ್ರಿ. ನಂಗ ನಾಚಿಕಿ."

"ಈಗಽ ಹೇಳ್ಲಾ?"

"ಈಗಽ ಹೇಳ್ರಿ! ನಾಳೆ ಅಂದ್ರ ಮತ್ತ ಅಂಜ್ತೀರಿ!"