ಸೇತುವೆ ದಾಟದ ಆಟ

"ನನ್ನ ಹೆಸರು ಅಳಿಸ್ರೀ... ಈಗಲೇ!"

ಚಿಂತಾಮಣಿ ಬಸ್‌ಸ್ಟ್ಯಾಂಡ್ ಹಿಂದಿನ ಆ ವಿಡಿಯೋ ಗೇಮ್ ಅಂಗಡಿಗೆ ಹೆಣ್ಣುಮಗಳೊಬ್ಬಳು ಕಾಲಿಟ್ಟಿದ್ದು ತೊಂಬತ್ತಾರರ ಆ ಮಧ್ಯಾಹ್ನವೇ ಮೊದಲು. ಒದಿ, ಗುದ್ದು ಎಂದು ಕಿರುಚುತ್ತಿದ್ದ ಹುಡುಗರೆಲ್ಲ ಗಪ್‌ಚಿಪ್!

ಬಂದವಳು ಎದುರಿನ ಟೈಪಿಂಗ್ ಕ್ಲಾಸಿನ ಅನಸೂಯ. ಮುಖ ಕೆಂಪಾಗಿತ್ತು. ಆಗದೆ ಇನ್ನೇನು? "ಚಲಪತಿ ಅಣ್ಣನ ಆಟದಲ್ಲಿ ಅನಸೂಯ ಇವತ್ತೂ ಸತ್ಲು ಕಣೋ" ಎಂದು ಇದೇ ಹುಡುಗರು ಬೀದಿಯಲ್ಲಿ ನಗುವುದನ್ನು ಅವಳು ಕಿವಿಯಾರೆ ಕೇಳಿದ್ದಳು. ಮುಂದಿನ ವಾರ ಅವಳ ಮದುವೆ, ಮಂಚೇನಹಳ್ಳಿಯ ಗಂಡಿನ ಜೊತೆ.

ಅಂಗಡಿ ನಡೆಸುವ ಚಲಪತಿ ಹುಡುಗರನ್ನು ಹೊರಗೆ ಕಳಿಸಿದ.

"ಕ್ಲಾಸಿನ ಕಿಟಕಿಯಿಂದ ದಿನಾ ನೋಡ್ತಿದ್ದೆ ನಿಮ್ಮನ್ನ. ಒಳ್ಳೆಯವರು ಅನ್ಕೊಂಡಿದ್ದೆ... ನನ್ನ ಹೊಡೆದು ಸಾಯಿಸೋ ಆಟ ಆಡ್ತೀರಾ?" ಎಂದಳು.

"ಇದು ಹೊಡೆದಾಟದ್ದಲ್ಲ ರೀ, ಕಥೆ ಆಟ." ಅವನು ಮೂಲೆಯ ಟಿವಿ ತೋರಿಸಿದ. ಕಾಡಿನ ಮಧ್ಯೆ ಪುಟ್ಟ ಗೊಂಬೆಗಳು ನಿಂತಿದ್ದವು. "ಊರೂರು ಅಲೀಬೇಕು, ಜನರನ್ನ ಮಾತಾಡಿಸ್ಬೇಕು. ಗುದ್ದೋದು ಕಮ್ಮಿ ಅಂತ ಇದನ್ನ ಯಾರೂ ಮುಟ್ಟಲ್ಲ. ಶುರುವಲ್ಲೇ ಜೊತೆಗಾತಿಗೆ ಹೆಸರು ಕೊಡು ಅನ್ನುತ್ತೆ. ನನಗೆ ಬೇರೆ ಹೆಸರು ತೋಚಲಿಲ್ಲ..."

'ಅಯ್ಯೋ ದೇವರೇ, ಹಾಗಾದ್ರೆ ಇವರಿಗೂ...' ಎಂದುಕೊಂಡಳು ಅನಸೂಯ.

"ಮತ್ತೆ ಸತ್ಲು ಅಂತಾರಲ್ಲ?"

"ಮೃಗ ಮೈಮೇಲೆ ಬಿದ್ರೆ ಸಾಯ್ತಾಳೆ. ಗುಡಿಗೆ ಹೊತ್ಕೊಂಡು ಹೋಗಿ ಬದುಕಿಸ್ಕೋತೀನಿ. ಆದ್ರೆ ಮುಂದೆ ಒಂದು ಸೇತುವೆ ಇದೆ. ಅದು ದಾಟಿದ್ರೆ ಅವಳು ರಾಜನ ಮನೆ ಸೇರ್ತಾಳೆ, ವಾಪಸ್ ಬರಲ್ಲ. ಒಂದ್ಸಲ ದಾಟಿ ನೋಡಿದೆ. ಮತ್ತೆ ಮೊದಲಿಂದ ಶುರು ಮಾಡಿದೆ. ಆಮೇಲೆ ದಾಟೋಕೆ ಮನಸ್ಸೇ ಬರಲಿಲ್ಲ."

ಅವಳ ಸಿಟ್ಟು ಜರ್ರನೆ ಇಳಿಯಿತು. "ಬಾಯಿಬಿಟ್ಟು ನಮ್ಮಪ್ಪನ್ನ ಒಂದು ಮಾತು ಕೇಳಬಾರದಾಗಿತ್ತಾ?"

"ಯುಗಾದಿ ಆದ್ಮೇಲೆ ನಮ್ಮ ಗಂಗುಲಪ್ಪ ಮಾವನ್ನ ಕಳಿಸಿದ್ದೆ. ಹೊಡೆದಾಟದ ಅಂಗಡಿಯವನಿಗೆ ಹೆಣ್ಣು ಕೊಡಲ್ಲ ಅಂದ್ರಂತೆ. ಅವನು ಆಡೋದು ಕಥೆ ಆಟ ಅಂತ ಮಾವ ಅಂದಿದ್ದಕ್ಕೆ, ಎಲ್ಲಾ ಒಂದೇ ಅಂತ ನಿಮ್ಮಪ್ಪ ಎದ್ದು ಹೋದ್ರಂತೆ."

ಮನೆಯಲ್ಲಿ ಒಬ್ಬರಾದರೂ ಇದನ್ನು ಅವಳಿಗೆ ಹೇಳಿರಲಿಲ್ಲ! ಈಗ ಲಗ್ನಪತ್ರಿಕೆ ಹಂಚಿಯಾಗಿತ್ತು. ಅಪ್ಪನನ್ನು ಎದುರು ಹಾಕಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಇದ್ದರೂ ಬೆನ್ನಿಗೆ ಇಬ್ಬರು ತಂಗಿಯರಿದ್ದರು. ಕಣ್ಣೀರು ದಳದಳ ಇಳಿಯಿತು.

"ಅಳಬೇಡಿ... ಹೆಸರು ಅಳಿಸಿಬಿಡ್ತೀನಿ" ಎಂದು ಚಲಪತಿ ಆಟದ ಗುಂಡಿಯತ್ತ ಕೈ ಚಾಚಿದ.

"ಬೇಡ!" ಅವಳು ಆ ಕೈ ಹಿಡಿದುಕೊಂಡಳು. ಮೊದಲ ಸಲ... ಕೊನೆಯ ಸಲ. "ನಂಗೂ ನೀವಂದ್ರೆ ಇಷ್ಟ. ಇಲ್ಲಂತೂ ಆಗಲಿಲ್ಲ, ಅಲ್ಲಾದ್ರೂ ನಿಮ್ಮ ಜೊತೇಲಿರ್ತೀನಿ. ಸೇತುವೆ ದಾಟಿಸ್ಬೇಡಿ."

"ಈ ಆಟದ ಕ್ಯಾಸೆಟ್ ಹಳೇದು ಅನಸೂಯ. ಒಂದಿನ ತಾನಾಗೇ ಎಲ್ಲಾ ಅಳಿಸಿಹೋಗುತ್ತೆ..."

"ಹೋಗ್ಲಿ. ಮತ್ತೆ ಮೊದಲಿಂದ ಹೆಸರು ಕೇಳುತ್ತಲ್ಲ... ಆಗ ನಂದೇ ಕೊಡಿ."